ಶ್ರಾವಣಕ್ಕೆ ನಿಂತ ಗುಳಿಗೆ

ಅತ್ತೆಯವರೆ,

ನಿಮ್ಮ ಮಗ ಮನ್ಮಾಡ್ ಸ್ಟೇಷನ್ನಿನಲ್ಲಿ ಹಳಿಯ ಅಂಚಿಗೆ ನಿಂತು ಒಬ್ಬರೇ ಮಾತಾಡುತ್ತಿದ್ದರಂತೆ. ಚಹಾದವನು ಹಿಡಿದು ಕೂರಿಸಿದ್ದಾನೆ. ಕರೆತರಲು ನಾನು ಓಡುತ್ತಿದ್ದೇನೆ.

ರೂಪಾ ಶಾಲೆಯಿಂದ ಬಂದರೆ ಊಟ ಹಾಕಿರಿ, ಏನೂ ಹೇಳಬೇಡಿರಿ.

ಅವರ ಮನಸ್ಸಿನ ಕಾಯಿಲೆಯ ಗುಳಿಗೆಗಳು ಸಿಕ್ಕವು, ವಿಭೂತಿ ಗಟ್ಟಿಯ ಹಿಂದೆ. "ಶ್ರಾವಣ ಹಿಡದಾನ, ಗುಳಿಗಿ ನುಂಗಿದ್ರ ವ್ರತ ಕೆಡ್ತದ" ಎಂದು ನೀವೇ ತೆಗೆದಿಟ್ಟಿರಲ್ಲ? ಆ ಗುಳಿಗೆಯ ಬಲದಿಂದಲೇ ಅವರು ದುಡ್ಡು ಕೇಳದ ಆ ಪುನರ್ವಸತಿ ಕೇಂದ್ರಕ್ಕೆ ಹೋಗಿ ಮೇಣದಬತ್ತಿ ಎರೆಯುತ್ತಿದ್ದರು, ಮಗಳ ಜೊತೆ ನಗುತ್ತಿದ್ದರು.

ಕೇಂದ್ರದ ಮೇಡಂಗೆ ಫೋನ್ ಮಾಡಿ ನಿಜ ಹೇಳಿರಿ. ಅವರು ಬೈಯುವವರಲ್ಲ, ಗುಳಿಗೆ ಈಗ ಎಷ್ಟು ಕೊಡಬೇಕೆಂದು ಹೇಳುತ್ತಾರೆ.

ನಿಮ್ಮ ಮಗನ ಉಪವಾಸ ಇನ್ನು ನಾನು ಹಿಡಿಯುತ್ತೇನೆ. ಕೈ ಮುಗಿಯುತ್ತೇನೆ ಅತ್ತೀ, ಬಂದ ಕೂಡಲೇ ಉಣ್ಣಿಸಿ ಗುಳಿಗೆ ನೀವೇ ಕೊಡಿರಿ. ನಾನು ಕೊಟ್ಟರೆ "ಅವ್ವ ಬ್ಯಾಡಂದಾಳ" ಎಂದು ಬಾಯಿ ಬಿಗಿಹಿಡಿಯುತ್ತಾರೆ.

ಲತಾ