ಗೋಪಿಯ ಬ್ಯಾಗಿನಲ್ಲಿದ್ದ ಕಟ್ಟು

ಜನವರಿ 3, 2010. ಭಾನುವಾರ. ಬಿಜೂರು

ಎದ್ದದ್ದು ಒಂಬತ್ತಕ್ಕೆ. ದೇಹ ಇನ್ನೂ ಅಲ್ಲಿನ ಟೈಮಿನಲ್ಲೇ ಇದೆ. ಅಮ್ಮ ಮೂರನೇ ಸಲ ಕಾಫಿ ಬಿಸಿ ಮಾಡಿ ಕೊಟ್ಟಳು, ಬೈಯಲಿಲ್ಲ. ಮೂರು ವರ್ಷದ ಮೇಲೆ ಬಂದ ಮಗ. ಇನ್ನೊಂದು ವಾರ ಬೈಗುಳ ಮಾಫಿ ಅಂತ ಕಾಣುತ್ತದೆ.

ಇವತ್ತೂ ಜನ. ನಿನ್ನೆ ಆರು, ಇವತ್ತು ನಾಲ್ಕು. ಇವರು ನನ್ನನ್ನು ನೋಡಲು ಬರುವುದಲ್ಲ, ನಾನು ಕೆಲಸ ಮಾಡುವ ಏರ್‌ಪೋರ್ಟ್ ನೋಡಲು ಬರುವುದು. ಜಗುಲಿಯ ಗೋಡೆಗೆ ಅಮ್ಮ ಫೋಟೋ ಹಾಕಿಸಿದ್ದಾಳೆ. ನೀಲಿ ಸಮುದ್ರ, ಅದರ ಅಂಚಿಗೇ ರನ್‌ವೇ, ಇಳಿಯುತ್ತಿರುವ ವಿಮಾನ. ಫ್ರೇಮ್ ಹಾಕಿಸಿದ್ದು ಬೈಂದೂರಿನಲ್ಲಿ. ದೇವರ ಫೋಟೋಕ್ಕಿಂತ ದೊಡ್ಡದು. ಆ ದ್ವೀಪದ ಹೆಸರು ಊರಿನಲ್ಲಿ ಯಾರ ನಾಲಗೆಗೂ ಹತ್ತುವುದಿಲ್ಲ. ಎಲ್ಲರಿಗೂ ಅದು ವೆಸ್ಟಿಂಡೀಸ್.

ಪಕ್ಕದ ಮನೆಯ ಬಚ್ಚಣ್ಣ ಕುರ್ಚಿ ಎಳೆದು ಫೋಟೋದ ಎದುರೇ ಕೂತರು. "ನೀನ್ ಅಲ್ಲಿ ಮ್ಯಾನೇಜರ್ ಅಂಬ್ರ್, ಹೌದಾ?"

ಹೌದು ಅಂದೆ. ಪೂರ್ತಿ ಸುಳ್ಳೇನಲ್ಲ. ಡಿಪಾರ್ಚರ್ ಹಾಲಿನ ಮೂಲೆಯಲ್ಲಿ ನಮ್ಮೂರಿನವರೇ ಆದ ಭೋಜರಾಜಣ್ಣನ ಸ್ಯಾಂಡ್‌ವಿಚ್ ಕೌಂಟರ್. ಕೆಲಸಕ್ಕೆ ನಾಲ್ಕು ಜನ, ಅವರ ಮೇಲೆ ನಾನು. ರಜೆ ಮುಗಿಸಿದ ಕೆನಡಾದವರು ಬಿಸಿಲಿಗೆ ಸುಟ್ಟು ಕೆಂಪಗಾಗಿ ಬರುತ್ತಾರೆ, ತಣ್ಣನೆಯ ಬಿಯರ್ ಕೇಳುತ್ತಾರೆ. ಕೊಡುತ್ತೇನೆ. ಅಷ್ಟೇ ಮ್ಯಾನೇಜರಿಕೆ.

"ಅಲ್ಲಿ ಇಳ್ದ್ ಕೂಡ್ಲೆ ಎಂತ ಕಾಂತ್?"

ಹೇಳಿದೆ. ಹೂವಿನ ಅಂಗಿಯವರು ಸ್ಟೀಲ್ ಡ್ರಮ್ ಬಾರಿಸುತ್ತಾರೆ. ಟೂರಿಸ್ಟುಗಳ ಕೈಗೆ ಪೇಪರ್ ಕಪ್ಪಿನಲ್ಲಿ ರಮ್ ಕೊಡುತ್ತಾರೆ, ಫ್ರೀ. ಬಚ್ಚಣ್ಣನ ಕಣ್ಣು ಅರಳಿತು. "ಫ್ರೀಯಾ! ನಮ್ಮ್ ಬೈಂದೂರ್ ಸ್ಟೇಷನ್ನಂಗೂ ಹಾಂಗ್ ಮಾಡ್ರೆ ಆಯ್ತಿತ್ತ್!" ಎಲ್ಲರೂ ನಕ್ಕರು. ನಾನೂ ನಕ್ಕೆ.

ಡ್ರಮ್ಮಿನವರನ್ನು ದಾಟಿದ ಮೇಲೆ ಕಸ್ಟಮ್ಸ್ ಮೇಜು. ಮೇಜಿನ ಪಕ್ಕ ಒಂದು ಬೆಂಚು. ಅದನ್ನು ಯಾರಿಗೂ ಹೇಳಲಿಲ್ಲ.

ಜನವರಿ 4

ಬೆಳಿಗ್ಗೆ ಮೀನು ಬಂತು. ಕೂಗಿದ್ದು ಬೇರೆ ಯಾರೋ. ನನಗೆ ಬುದ್ಧಿ ತಿಳಿದಾಗಿನಿಂದ ನಮ್ಮ ಅಂಗಳಕ್ಕೆ ಬುಟ್ಟಿ ಇಳಿಸುತ್ತಿದ್ದವಳು ನಾವುಂದದ ಬೆಳ್ಳಿ. ನನ್ನ ಗೆಳೆಯ ಗೋಪಿಯ ಅಮ್ಮ. ಗೊತ್ತಿದ್ದೂ ಕೇಳಿದೆ — ಬೆಳ್ಳಿ ಬರುವುದಿಲ್ಲವಾ?

"ಅದ್ರ ಹೆಸ್ರ್ ಈ ಮನೇಲಿ ಎತ್ತ್‌ಬ್ಯಾಡ," ಅಂದಳು ಅಮ್ಮ. ಬಂಗಡೆ ಕೊಯ್ಯುತ್ತಿದ್ದ ಕೈ ನಿಲ್ಲಲಿಲ್ಲ. "ಅದ್ರ ಮಗ ಪೌಡರ್ ತಕಂಡ್ ಹೋಯಿ ಸಿಕ್ಕ್ ಬಿದ್ದದ್ದ್. ಅದ್ ಬಂದ್ ನನ್ನ್ ಅಂಗಳದಲ್ಲ್ ನಿಂತ್ ಹೇಳ್ತ್, ಕಟ್ಟ್ ನಿಮ್ಮ್ ಶೈಲೇಶಂದ್ ಅಂದ್ಹೇಳಿ! ನಾನ್ ನಿಂಗೆ ಫೋನ್ ಮಾಡಿ ಕೇಂಡೆ. ನೀ ಹೇಳ್ದೆ ಅಲ್ದಾ, ನಿನ್ನ್ ಕಟ್ಟ್ ಭೋಜರಾಜಣ್ಣಂಗೆ ಮುಟ್ತ್, ತಿಂದ್ ಹೊಗಳಿದ್ರ್ ಅಂದ್ಹೇಳಿ. ಮರ್ದಿನ ಮೀನ್ ಮಾರ್ಕೆಟಂಗೇ ಹಿಡ್ದ್ ಕೇಂಡೆ ಅದನ್ನ. ಹತ್ತ್ ಜನರ್ ಎದ್ರಿಗೆ."

ಬೆಳ್ಳಿ ಏನೆಂದಳು, ಕೇಳಿದೆ.

"ಎಂತ ಹೇಳ್ತ್? ಕಣ್ಣೀರ್ ಹಾಕಿ ಮರ್ಕ್ತ್. ಬುಟ್ಟಿ ಎತ್ಕಂಡ್ ಹೋಯ್ತ್."

ಮಧ್ಯಾಹ್ನ ಬಂಗಡೆ ಸಾರು ಬಿಟ್ಟು ಎದ್ದೆ. ಹೊಟ್ಟೆ ಸರಿ ಇಲ್ಲ ಅಂದೆ. ಅಮ್ಮ ಓಮದ ಕಷಾಯ ಮಾಡಿ ಕೊಟ್ಟಳು.

ಜನವರಿ 6. ಮಧ್ಯಾಹ್ನ 3

ಅಮ್ಮ ಮಲಗಿದ್ದಾಳೆ. ಬರೆದೇ ಬಿಡುತ್ತೇನೆ.

2007ರ ಜನವರಿ. ಅಲ್ಲಿ ವರ್ಲ್ಡ್ ಕಪ್ ಬರುವುದಿತ್ತು, ಏರ್‌ಪೋರ್ಟ್ ದೊಡ್ಡದು ಮಾಡುತ್ತಿದ್ದರು. ಭೋಜರಾಜಣ್ಣನಿಗೆ ಇಬ್ಬರು ಬೇಕಿತ್ತು. ನಾನೇ ಗೋಪಿಯ ಹೆಸರು ಹೇಳಿದ್ದು. ಹೈಸ್ಕೂಲಿನಲ್ಲಿ ಒಂದೇ ಬೆಂಚು, ಮುಂಬೈ ಕ್ಯಾಂಟೀನಿನಲ್ಲಿ ಒಂದೇ ರೂಮು. ಭೋಜರಾಜಣ್ಣ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಬಪ್ಪತಿಗೆ ಒಣ ಚಟ್ಲಿ ತಕಂಬಾ ಮಾರಾಯ, ಇಲ್ಲಿ ಬ್ರೆಡ್ ತಿಂದ್ ತಿಂದ್ ಬಾಯ್ ಸತ್ತ್ ಹೋಯ್ತ್."

ಅಮ್ಮ ಒಣ ಸಿಗಡಿ ಹುರಿದು ಪುಡಿ ಮಾಡಿದಳು. ಬಿಳಿ ಬಟ್ಟೆಯ ಚೀಲ ಹೊಲಿದಳು. ಪುಡಿಯ ನಡುವೆ ಎರಡು ಕಾಗದದ ಪೊಟ್ಟಣ. ಅದು ದೈವ ಮೈಮೇಲೆ ಬರುವ ಪಾತ್ರಿ ಕೊಟ್ಟ ಬೂದಿ, ದೂರ ಹೋಗುವ ಮಗನಿಗೆ ದೈವದ ಕಾವಲು. ಚೀಲದ ಬಾಯನ್ನೂ ಹೊಲಿದುಬಿಟ್ಟಳು. ಬೂದಿಯನ್ನು ಸಿಗಡಿ ಪುಡಿಯೊಳಗೆ ಹುಗಿದು ವಿಮಾನ ಹತ್ತಿಸುವ ಬುದ್ಧಿ ನಮ್ಮವರಿಗಲ್ಲದೆ ಇನ್ಯಾರಿಗೆ ಬರುತ್ತದೆ. ನನಗೂ ತಪ್ಪು ಅನ್ನಿಸಲಿಲ್ಲ. ಕೈ ಮುಗಿದು ತೆಗೆದುಕೊಂಡೆ.

ಮುಂಬೈಯಲ್ಲಿ ನನ್ನ ಬ್ಯಾಗು ತೂಕ ಜಾಸ್ತಿ ಬಂತು. ಕಟ್ಟನ್ನು ತೆಗೆದು ಗೋಪಿಯ ಬ್ಯಾಗಿಗೆ ಹಾಕಿದೆ. "ಹಾಕ್ ಹಾಕ್. ನನ್ನ್ ಬ್ಯಾಗಲ್ ಎಂತ ಇತ್ತ್, ಎರಡ್ ಪ್ಯಾಂಟ್," ಅಂದ. ಒಳಗೆ ಏನಿದೆ ಅಂತ ಕೇಳಲೂ ಇಲ್ಲ. ಅಮ್ಮ ಕೊಟ್ಟದ್ದು ಅಂದ ಮೇಲೆ ಅವನಿಗೆ ಸಾಕಾಯಿತು.

ಅಲ್ಲಿ ಇಳಿದಾಗ ಡ್ರಮ್ ಬಾರಿಸುತ್ತಿದ್ದರು. ಗೋಪಿ ನಡೆಯುತ್ತಲೇ ತಾಳ ಹಾಕುತ್ತಿದ್ದ. ಕಸ್ಟಮ್ಸ್ ಹತ್ತಿರ ನಾಯಿ ಅವನ ಬ್ಯಾಗು ಮೂಸಿ ಕೂತುಬಿಟ್ಟಿತು. ಬಿಳಿ ಯೂನಿಫಾರ್ಮಿನ ದಪ್ಪ ಹೆಂಗಸು ಕತ್ತರಿ ತಂದು ಚೀಲ ಕೊಯ್ದಳು. ಸಿಗಡಿ ವಾಸನೆಗೆ ಹಿಂದಿನ ಸಾಲಿನವರು ಮೂಗು ಮುಚ್ಚಿದರು. ಆಮೇಲೆ ಪೊಟ್ಟಣ. ಬೂದು ಪುಡಿ. ಆ ಏರ್‌ಪೋರ್ಟಿನಲ್ಲಿ ಪುಡಿ ಅಂದರೆ ಒಂದೇ ಅರ್ಥ, ಡ್ರಗ್ಸ್.

ಇದೇನು? — ಕೇಳಿದಳು.

"ಐ ಡೋಂಟ್ ನೋ, ಮೇಡಂ." ಗೋಪಿ ನಿಜವನ್ನೇ ಹೇಳಿದ. ತನ್ನ ಬ್ಯಾಗಿನಲ್ಲಿ ಇರುವುದೇನೆಂದು ಗೊತ್ತಿಲ್ಲದವನು! ಅವಳ ಮುಖ ಬಿಗಿಯಿತು. ಗೋಪಿ ನನ್ನ ಕಡೆ ಕೈ ತೋರಿಸಿದ. ನಾನು ಪಕ್ಕದ ಮೇಜಿನಲ್ಲಿದ್ದೆ. ನನ್ನ ಬ್ಯಾಗಿಗೆ ಆಗಲೇ ಚಾಕ್‌ನಲ್ಲಿ ಗೀಟು ಬಿದ್ದಾಗಿತ್ತು. ಹೋಗಬಹುದಿತ್ತು.

ಇವನು ಗೊತ್ತಾ? — ಕೇಳಿದಳು. ಒಂದೇ ಕಂಪೆನಿ ಅಂದೆ. ಈ ಕಟ್ಟು ನಿನ್ನದಾ?

"ನೋ, ಮೇಡಂ."

ಎರಡೇ ಶಬ್ದ. ಹೆದರಿದ್ದೆ, ಹೌದು. ಆದರೆ ಹೆದರಿಕೆ ಅಂತ ಬರೆದು ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಆ ಎರಡು ಶಬ್ದದ ಮೊದಲು ಯೋಚನೆ ಮಾಡಿದ್ದೆ. ನನ್ನ ವೀಸಾ, ನನ್ನ ಕೆಲಸ, ಊರಲ್ಲಿ ನನ್ನ ಮುಖ. ಗೋಪಿ ಜೋರಾಗಿ ಕೂಗಿದ್ದರೆ ಒಳ್ಳೆಯದಿತ್ತು. ಸುಮ್ಮನೆ ನನ್ನನ್ನೇ ನೋಡಿದ.

ಟೆಸ್ಟ್ ಮಾಡಿದರಂತೆ. ಬೂದಿ ಬೂದಿಯೇ. ಕೇಸ್ ಇಲ್ಲ. ಆದರೆ ಫಾರ್ಮಿನಲ್ಲಿ ತಿನ್ನುವ ಸಾಮಾನಿಲ್ಲ ಅಂತ ಬರೆದದ್ದು ಸುಳ್ಳಾಯಿತು, ಮಾತು ನಂಬುವಂಥದ್ದಲ್ಲ ಅಂತಾಯಿತು. ಗೋಪಿಗೆ ಎಂಟ್ರಿ ಕೊಡಲಿಲ್ಲ. ಮರುದಿನದ ವಿಮಾನದಲ್ಲಿ ವಾಪಸ್. ಅಲ್ಲಿಯವರೆಗೆ ಆ ಬೆಂಚಿನ ಮೇಲೆ.

ಹೊರಗೆ ಭೋಜರಾಜಣ್ಣ ಕಾರು ತಂದು ನಿಂತಿದ್ದರು. "ಚಟ್ಲಿ ಎಲ್ಲಿ?" ಅಂತ ಮೊದಲ ಮಾತು. ಅಮ್ಮನಿಗೆ ಈ ಸಲ ಸಿಕ್ಕಲಿಲ್ಲ ಅಂದೆ. ಅವರಿಗೊಂದು ಸುಳ್ಳು, ವಾರ ಕಳೆದು ಅಮ್ಮನಿಗೊಂದು.

ಮೂರು ವರ್ಷ ಅದೇ ಕಟ್ಟಡದಲ್ಲಿ ಕೆಲಸ. ಸ್ಟಾಫ್ ಗೇಟಿಗೆ ಹೋಗುವ ದಾರಿ ಆ ಬೆಂಚಿನ ಮುಂದೆಯೇ. ಅದರ ಮೇಲೆ ಒಂದು ದಿನವೂ ಕೂರಲಿಲ್ಲ.

ಜನವರಿ 9. ಶನಿವಾರ

ಬೈಂದೂರು ಬಸ್ ಸ್ಟ್ಯಾಂಡಿನಲ್ಲಿ ಗೋಪಿ ಸಿಕ್ಕಿದ. ದೂರದಿಂದ ಕಂಡು ಮೆಡಿಕಲ್ ಶಾಪಿನೊಳಗೆ ಹೊಕ್ಕೆ. ಬೇಡದ ಕ್ರೋಸಿನ್ ಕೇಳಿದೆ. ಹೊರಗೆ ಬಂದರೆ ಬಾಗಿಲಲ್ಲೇ ನಿಂತಿದ್ದಾನೆ.

"ಹ್ವಾಯ್ ಶೈಲೇಶ, ಯಾವಾಗ್ ಬಂದದ್ದ್? ಸಪೂರ ಆಯಿದೆ ಮಾರಾಯ."

ಈಗ ಮೀನಿನ ಲಾರಿಗೆ ಐಸ್ ಸಾಗಿಸುವ ಟೆಂಪೋ ಓಡಿಸುತ್ತಾನೆ. ಅಂಗಿಯ ತೋಳು ಒದ್ದೆ. ಮಳೆ, ಬಿಸಿಲು, ಹೈವೇ ಹೊಂಡ ಅಂತ ಏನೇನೋ ಮಾತಾಡಿದೆ. ಅವನು ಮುಗಿಯುವವರೆಗೆ ಕಾದ.

"ಈಗ ಗಂಗೊಳ್ಳಿಂದ ಒಂದ್ ಸಂಬಂಧ ಬಂದಿತ್ತ್. ಹೆಣ್ಣಿನ್ ಅಪ್ಪ ದುಗ್ಗಪ್ಪಣ್ಣ ನಿನ್ನ್ ಹತ್ರ ಕೇಂಬುಕೆ ಬತ್ರ್. ಹಿಂದೆ ಎರಡ್ ಸಂಬಂಧ ಆ ಪೌಡರ್ ಮಾತಿಗೇ ಮುರ್ದ್ ಹೋಯ್ತ್. ಈ ಹೆಣ್ಣಿಗೆ ನನ್ನ್ ಮೇಲೆ ಮನ್ಸ್ ಇತ್ತ್. ನಂಗೂ ಇತ್ತ್..." ಸ್ವಲ್ಪ ನಾಚಿಕೊಂಡ. "ನೀ ಹೊಗ್ಳುದ್ ಬ್ಯಾಡ. ಇದ್ದದ್ದ್ ಇದ್ದಾಂಗೆ ಹೇಳ್. ಸಾಕ್."

"ಹೇಳ್ತೆ ಮಾರಾಯ," ಅಂದೆ.

ನಿಜವಾಗಿಯೂ ಹೇಳುತ್ತೇನೆ ಅಂತಲೇ ಅಂದದ್ದು. ಮನೆಗೆ ಬರುವಾಗ ಹಗುರಾಗಿದ್ದೆ. ಹಾಡು ಕೂಡ ಗುನುಗಿದೆ, ಬಸ್ಸಿನಲ್ಲಿ.

ಜನವರಿ 12

ದುಗ್ಗಪ್ಪ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಜಗುಲಿಯ ಅಂಚಿಗೆ ಕೂತರು. ಅಮ್ಮ ನೀರು ಬೆಲ್ಲ ಕೊಟ್ಟು ಒಳಗೆ ಹೋಗಲಿಲ್ಲ. ಬಾಗಿಲಿಗೆ ಒರಗಿ ನಿಂತಳು.

"ನಿಮ್ಮ್ ಹತ್ರ ಒಂದೇ ಮಾತ್ ಕೇಂಬುದ್," ಅಂದರು. "ನನ್ನ್ ಮಗಳ್ ಆ ಹುಡ್ಗ ಒಳ್ಳೆಯವ ಅಂತ್. ನಂಗೂ ಹಾಂಗೇ ಕಾಂತ್. ಆದ್ರೆ ಜನ ಹೇಳುದ್ ಕೇಂಡ್ ಹೆದ್ರಿಕೆ. ನೀವ್ ಅಲ್ಲೇ ಇದ್ದಿದ್ರಿ. ಆ ಕಟ್ಟ್ ಅವಂದೇಯಾ?"

ಬಾಯಿ ತೆರೆದೆ. ಬಾಗಿಲ ಕಡೆ ಕಣ್ಣು ಹೋಯಿತು. ಅಮ್ಮನ ಮುಖದಲ್ಲಿ ಎಂಥ ಹೆಮ್ಮೆ! ಯಾರದೋ ಮದುವೆ ತನ್ನ ಮಗನ ಮಾತಿನ ಮೇಲೆ ನಿಂತಿದೆ ಅಂತ.

"ಗೋಪಿ ಒಳ್ಳೆಯವನೇ..." ಅಂದೆ. "ಆ ಕಟ್ಟ್... ನಂಗೊತ್ತಿಲ್ಲೆ. ನಾನ್ ಬೇರೆ ಲೈನಲ್ಲ್ ಇದ್ದಿದ್ದೆ."

ದುಗ್ಗಪ್ಪ ಲೋಟ ಕೆಳಗಿಟ್ಟರು. "ನೀವೇ ಗೊತ್ತಿಲ್ಲೆ ಅಂದ್ರೆ ಇನ್ನ್ ಯಾರ್ ಹತ್ರ ಕೇಂಬುದ್..." ಎದ್ದರು. ಅಂಗಳ ದಾಟುವಾಗ ಛತ್ರಿ ಮರೆತು, ತಿರುಗಿ ಬಂದು ತೆಗೆದುಕೊಂಡು ಹೋದರು. ಆಗಲಾದರೂ ಹೇಳಬಹುದಿತ್ತು. ಛತ್ರಿ ನಾನೇ ಎತ್ತಿ ಕೊಟ್ಟೆ.

"ಒಳ್ಳೆಯವ ಅಂದ್ಯಲೆ, ಅದೇ ಜಾಸ್ತಿ ಆಯ್ತ್," ಅಂದಳು ಅಮ್ಮ.

ಅಲ್ಲಿ ಗೋಪಿ 'ಗೊತ್ತಿಲ್ಲ' ಅಂದದ್ದು ನಿಜ. ಇಲ್ಲಿ ನಾನು ಅಂದದ್ದು ಸುಳ್ಳು. ಎರಡಕ್ಕೂ ಶಿಕ್ಷೆ ಅವನಿಗೇ. ಥೂ.

ಜನವರಿ 14

ಬಚ್ಚಣ್ಣ ಸುದ್ದಿ ತಂದರು. ಗಂಗೊಳ್ಳಿಯವರು ಬೇಡ ಅಂದರಂತೆ.

ಜನವರಿ 15. ಶುಕ್ರವಾರ

ಗ್ರಹಣ. ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲ. ಅಮ್ಮ ಒಲೆ ಹಚ್ಚಲಿಲ್ಲ. ನೀರಿನ ಕೊಡಕ್ಕೆ ದರ್ಭೆ ಹಾಕಿ ಕೂತಿದ್ದಾಳೆ. ಮಧ್ಯಾಹ್ನವೇ ಸಂಜೆಯ ಹಾಗೆ ಮಂಕಾಯಿತು.

ಫೋನ್ ಬಂತು. ಗೋಪಿಯ ನಂಬರು. ಎತ್ತಲಿಲ್ಲ. ಮತ್ತೆ ಬಂತು. ಗ್ರಹಣದಲ್ಲಿ ಮಾತಾಡಬಾರದು ಅಂತ ನನಗೆ ನಾನೇ ಹೇಳಿಕೊಂಡೆ. ಎಂಥ ಭಕ್ತ! ಮೂರನೇ ಸಲ ಬರಲಿಲ್ಲ.

ನಾಡಿದ್ದು ಮುಂಬೈ ರೈಲು.

ಜನವರಿ 16. ಬೆಳಿಗ್ಗೆ 8

ಅಮ್ಮನಿಗೆ ಹೇಳಿದೆ.

ಹೇಳಬೇಕು ಅಂತ ಎದ್ದದ್ದಲ್ಲ. ಕಾಫಿಗೆ ಹೋದರೆ ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬಟ್ಟೆಯ ಚೀಲ ಹೊಲಿಯುತ್ತಿದ್ದಾಳೆ. ಪಕ್ಕದಲ್ಲಿ ಹುರಿದ ಸಿಗಡಿಯ ಪುಡಿ. "ಹೋದ್ ಸಲ ಭೋಜರಾಜಣ್ಣ ಅಷ್ಟ್ ಹೊಗಳಿದ್ರಲೆ. ಈ ಸಲ ಎರಡ್ ಸೇರ್ ಮಾಡಿದ್ದೆ."

 ಅಲ್ಲೇ ನೆಲದ ಮೇಲೆ ಕೂತೆ.

"ಅಮ್ಮಾ, ಹೋದ್ ಸಲದ್ ಕಟ್ಟ್ ಅವ್ರಿಗೆ ಮುಟ್ಲಿಲ್ಲೆ."

"ಮತ್ತೆ?"

"ಗೋಪಿ ಬ್ಯಾಗಲ್ಲ್ ಇತ್ತ್. ನಾನೇ ಹಾಕಿದ್ದ್. ಅಲ್ಲಿ ಕತ್ರಿ ಹಾಕಿದ್ದ್ ಅದಕ್ಕೇ."

ಸೂಜಿ ನಿಂತಿತು. ಅಮ್ಮ ಲೆಕ್ಕ ಹಾಕುವವಳ ಹಾಗೆ ನನ್ನ ಮುಖ ನೋಡಿದಳು. "ಬೂದಿ?"

"ಅದೇ ಬೂದಿ. ಅವಂಗೆ ಗೊತ್ತೇ ಇರ್ಲಿಲ್ಲೆ. ನನ್ನ್ ಹತ್ರ ಕೇಂಡ್ರ್, ನಾನ್... ನಂದಲ್ಲ ಅಂದೆ."

ಬೈಯಲಿ ಅಂತ ಕಾದೆ. ಹೊಡೆಯಲಿ ಅಂತಲೂ. ಅಮ್ಮ ಚೀಲವನ್ನು ಮಡಚಿ ಮಡಚಿ ಸಣ್ಣದು ಮಾಡಿದಳು.

"ಬೆಳ್ಳಿ ಅವತ್ತ್ ಇದನ್ನೇ ಹೇಳ್ತ್," ಅಂದಳು. "ನಾನ್ ಎಂತ ಹೇಳ್ದೆ ಗೊತ್ತಿತ್ತಾ ನಿಂಗೆ? ನನ್ನ್ ಮಗ ಸುಳ್ಳ್ ಹೇಳುವವ ಅಲ್ಲ, ನಿಮ್ಮಾಂಗಲ್ಲ ನಾವ್, ಅಂದೆ. ಮಾರ್ಕೆಟಂಗೆ ಹೇಳ್ದೆ ಮಗಾ. ಅದ್ ಮರ್ಕತಿದ್ದಿತ್, ನಾನ್ ನಿಲ್ಸ್ಲಿಲ್ಲೆ."

ನಾನು ಗಂಗೊಳ್ಳಿಗೆ ಹೋಗಿ ದುಗ್ಗಪ್ಪನಿಗೆ ಹೇಳುತ್ತೇನೆ ಅಂದೆ. ನಾಳೆ ರೈಲಿಗೆ ಮೊದಲು. ಇಲ್ಲದಿದ್ದರೆ ಫೋನಿನಲ್ಲಿ.

"ನೀ ಹೋಪುದ್ ಬಿಡುದ್ ನಿನ್ನಿಷ್ಟ. ನಾನ್ ಬೈದದ್ದಕ್ಕೆ ನಾನ್ ಹೋತೆ."

ಸೀರೆ ಬದಲಿಸಲಿಲ್ಲ. ತಲೆ ಬಾಚಲಿಲ್ಲ. ಕೈಯಲ್ಲಿ ಸಿಗಡಿಯ ಪುಡಿ ಹಾಗೇ ಇತ್ತು. ಆಟೋ ತರಿಸುತ್ತೇನೆ ಅಂದೆ. ತಿರುಗಿ ನೋಡಲಿಲ್ಲ. ಗೇಟು ದಾಟಿ ಬಸ್ ಸ್ಟಾಪಿನ ಕಡೆ ಹೋದಳು.

ಹತ್ತು ನಿಮಿಷವಾಯಿತು. ನಾನು ಇಲ್ಲಿ ಕೂತು ಬರೆಯುತ್ತಿದ್ದೇನೆ. ಬರೆಯುತ್ತಿದ್ದೇನೆ! ಅರವತ್ತೆರಡು ವರ್ಷದ ಹೆಂಗಸು ಬೆಳ್ಳಿಯ ಅಂಗಳದಲ್ಲಿ ನಿಂತು ಏನು ಹೇಳಬೇಕು? 'ನನ್ನ್ ಮಗ ಸುಳ್ಳ'... ಆ ಮಾತು ಅವಳ ಬಾಯಲ್ಲಿ ಬರಬಾರದು. ನಾವುಂದದ ಬಸ್ಸು ಎಂಟೂ ಕಾಲಿಗೆ. ಓಡಿದರೆ ಸಿಗಬಹುದು. ಅಂಗಿ ಹಾಕಿಕೊಂಡು ಹೊರಟೆ.