ಯಾರ ಕಥಿ ಇದು

ರವಿವಾರ, ೧೪ ಸೆಪ್ಟೆಂಬರ್. ವಾಸ್ಕೊ, ಗೋವಾ

ಅವ್ವ ಕೇಳಿದ ಒಂದು ಮಾತು ಸಂಜೆಯಿಂದ ತಲೆ ತಿನ್ನುತ್ತಿದೆ.

ತೀರಿಕೊಂಡ ಅಪ್ಪನ ಬಗ್ಗೆ ಬರೆದ ಕಥೆಯನ್ನು ಇವತ್ತು ಅವಳಿಗೆ ಓದಿ ಹೇಳಿದೆ. ಅವಳಿಗೆ ಓದಲು ಬರುವುದಿಲ್ಲ, ಆದರೂ ನನ್ನ ಪ್ರತಿ ಕಥೆಯನ್ನು ಮೊದಲು ಕೇಳುವವಳು ಅವಳೇ. ಹಿಂದೆಲ್ಲ ಎರಡು ಸಾಲಿಗೊಮ್ಮೆ ತಡೆಯುತ್ತಿದ್ದಳು. "ಹಂಗಲ್ಲೋ ಪರಶು, ಸುಳ್ಳ ಬರೀಬ್ಯಾಡ" ಎಂದು ಜಗಳಕ್ಕೇ ಬರುತ್ತಿದ್ದಳು. ಇವತ್ತು ಮೆಂತೆ ಸೊಪ್ಪು ಸೋಸುತ್ತ ಸುಮ್ಮನೆ ಪೂರ್ತಿ ಕೇಳಿದಳು.

"ಚಲೋ ಐತಿ. ಪಾಪ, ಯಾರ ಕಥಿ ಇದು?"

ಅಪ್ಪಂದು ಎನ್ನದೆ ಮೊಬೈಲನ್ನು ಕಪಾಟಿನಲ್ಲಿಟ್ಟೆ.

ವೆರ್ಣಾದ ಕಾರ್ಖಾನೆಗೆ ಹೋಗುವ ಕಂಪನಿ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಬರೆಯುವವನು ನಾನು. ಒಂದು ಕಥೆಗೆ ಒಂದು ಮಳೆಗಾಲ ಹಿಡಿಯುತ್ತಿತ್ತು. ಈ ಎಐ ಆ್ಯಪ್ ಬಂದ ಮೇಲೆ ವಾರಕ್ಕೊಂದು ಮುಗಿಯುತ್ತದೆ, ಪತ್ರಿಕೆಗಳೂ ಹಾಕಿಕೊಳ್ಳುತ್ತವೆ. ತಿದ್ದಲೇ ಎಂದು ಅದು ಕೇಳುತ್ತದೆ, ನಾನು ಹೂಂ ಎಂದು ಒತ್ತುತ್ತೇನೆ. ಬಂದರಿನಲ್ಲಿ ಕಲ್ಲಿದ್ದಲು ಹೊತ್ತು ಬಂದ ಅಪ್ಪ ಎಷ್ಟು ತಿಕ್ಕಿ ತೊಳೆದುಕೊಂಡರೂ ದಿಂಬಿನ ಮೇಲೆ ಕಪ್ಪು ಉಳಿಯುತ್ತಿತ್ತು, ಅದಕ್ಕೆ ಅವ್ವ ಬಯ್ಯುತ್ತಿದ್ದಳು. ಅದನ್ನೆಲ್ಲ ಬರೆದಿದ್ದೆ. ಆ್ಯಪ್ ತಿದ್ದಿದ ಮೇಲೆ ಈಗ ಅದಿಲ್ಲ. ಅಲ್ಲಿ 'ಶ್ರಮಜೀವಿಯ ಮೌನ ತ್ಯಾಗ' ಎಂದಿದೆ. ಅದನ್ನು ಓದಿ ನಾನೇ ಮೆಚ್ಚಿಕೊಂಡಿದ್ದೆ, ಥೂ.

ಊಟವಾದ ಮೇಲೆ ದಿಂಬಿನ ಸಾಲುಗಳನ್ನು ಮತ್ತೆ ಬರೆಯಲು ಪೆನ್ನು ಹಿಡಿದು ಕೂತೆ. ಬರೆದದ್ದನ್ನೆಲ್ಲ ಹೊಡೆದು ಹಾಕಿದೆ. ಮೊಬೈಲು ಕಪಾಟಿನಲ್ಲಿತ್ತು, ಆದರೂ ಕೈಗೆ ಬಂದದ್ದು ಅದರ ಮಾತೇ.

ಅವ್ವ ಬಯ್ಯುವಾಗ ಅಪ್ಪ ಏನೋ ಒಂದು ಹೇಳಿ ನಗುತ್ತಿದ್ದ. ಏನೆಂದು ನೆನಪಾಗುತ್ತಿಲ್ಲ. ಅವ್ವನನ್ನು ಕೇಳಿದರೆ ಹೇಳಿಯಾಳು. ಆದರೆ ಈಗ್ಯಾಕ ಕೇಳ್ತಿ ಅಂದರೆ, ಸಂಜೆ ಓದಿದ್ದು ಅಪ್ಪನ ಕಥೆಯೇ ಎಂದು ಒಪ್ಪಿಕೊಳ್ಳಬೇಕಾಗುತ್ತದೆ.