ಎರಡು ಗುಂಡಿಗಳ ಪ್ರಿಆಂಪ್

ಮನೆ,
ಭಾನುವಾರ, ನವೆಂಬರ್ ೧೬

ಪ್ರೀತಿಯ ಅತ್ತಿಗೆ,

ನಿಮ್ಮ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬಾರದೆಂದು ಡಾಕ್ಟರು ಹೇಳಿದ ಮೇಲೂ ಬಟ್ಟೆ ಒಣಹಾಕುವ ನೆಪದಲ್ಲಿ ದಿನವೂ ತಾರಸಿಗೆ ಹೋಗುತ್ತೀರೆಂದು ನಿಮ್ಮ ಸೊಸೆ ದೂರು ಹೇಳಿದಳು. ನಾನು ಬೈಯುವ ಹಾಗಿಲ್ಲ, ನೀವು ದೊಡ್ಡವರು. ಆದರೂ ಬೈದಿದ್ದೇನೆ ಎಂದುಕೊಳ್ಳಿ. ಫೋನಿರುವಾಗ ಇವಳೇಕೆ ಕಾಗದ ಬರೆದಳೆಂದು ಹುಬ್ಬೇರಿಸಬೇಡಿ. ಫೋನಿನಲ್ಲಿ ನೀವು ನನ್ನೊಡನೆ ಎರಡು ಮಾತಾಡುತ್ತಲೇ "ಎಲ್ಲಿ, ನನ್ನ ತಮ್ಮನಿಗೆ ಕೊಡು" ಅನ್ನುತ್ತೀರಿ. ಈ ವಿಷಯವನ್ನು ನಿಮ್ಮ ತಮ್ಮನ ಎದುರು ಹೇಳುವಂತಿಲ್ಲ. ಅವರು ನಡುಮನೆಯಲ್ಲಿ ಹಾಡು ಹಾಕಿಕೊಂಡು ಕೂತಿದ್ದಾರೆ, ನಾನು ಅಡುಗೆಮನೆಯ ಕಟ್ಟೆಯ ಮೇಲೆ ಬರೆಯುತ್ತಿದ್ದೇನೆ.

ಅವರ ಹಾಡಿನ ಹುಚ್ಚು ನಿಮಗೆ ಗೊತ್ತಿದ್ದದ್ದೇ. ವಾರವೆಲ್ಲ ಗೂಡ್ಸ್ ಯಾರ್ಡಿನಲ್ಲಿ ಹಳಿಗಳ ನಡುವೆ ನಿಂತು ಬೋಗಿ ಜೋಡಿಸಿ, ಬೋಗಿ ಬಿಡಿಸಿ, ಕಬ್ಬಿಣದ ಸದ್ದಿನಲ್ಲಿ ಮುಳುಗಿ ಬರುವ ಮನುಷ್ಯ ಭಾನುವಾರ ಎರಡು ಸ್ಪೀಕರುಗಳ ಎದುರು ಕುರ್ಚಿ ಎಳೆದುಕೊಂಡು ಕಣ್ಣು ಮುಚ್ಚಿದರೆ ಮುಗಿಯಿತು, ಮನೆಗೆ ಯಾರು ಬಂದರು ಯಾರು ಹೋದರು ತಿಳಿಯದು. ನಾನೂ ಆ ಹೊತ್ತಿನಲ್ಲಿ ಮಿಕ್ಸಿ ಹಾಕುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಕಣ್ಣು ತೆರೆದು, "ಎಡಗಡೆದು ಸತ್ತ ಹಾಗಿದೆ ಕಣೇ" ಅಂದರು. ನನ್ನ ಕಿವಿಗೆ ಎರಡೂ ಒಂದೇ ಥರ ಕೇಳುತ್ತಿತ್ತು. ನನಗೇನು ತಿಳಿಯುತ್ತದೆ ಎಂದುಕೊಂಡೆ. ಅವರು ತಂತಿಗಳನ್ನೆಲ್ಲ ಬದಲಿಸಿದರು. ಆಮೇಲೆ ಸ್ಪೀಕರುಗಳನ್ನೇ ಅದಲುಬದಲು ಮಾಡೋಣ ಎಂದರು. ಅವು ಅಕ್ಕಿಮೂಟೆಯಷ್ಟು ಭಾರ, ಇಬ್ಬರೂ ಉಸ್ಸಪ್ಪಾ ಎನ್ನುತ್ತ ಹೊತ್ತೆವು. ಬಲಗಡೆಯದು ಎಡಕ್ಕೆ ಬಂತು, ಎಡಗಡೆಯದು ಬಲಕ್ಕೆ ಹೋಯಿತು. ಆದರೂ ಎಡಗಡೆಯದೇ ಸತ್ತಿದೆ ಎಂದರು. ಹಾಗಾದರೆ ತಪ್ಪು ಪ್ರಿಆಂಪಿನದೇ ಎಂದು ತೀರ್ಮಾನವಾಯಿತು. ಡಿಸ್ಕ್ ಹಾಕುವ ಯಂತ್ರಕ್ಕೂ ಆಂಪ್ಲಿಫೈಯರಿಗೂ ನಡುವೆ ಒಂದು ಕರಿ ಪೆಟ್ಟಿಗೆ ಇದೆಯಲ್ಲ, ಸದ್ದು ಹೆಚ್ಚುಕಡಿಮೆ ಮಾಡುವುದು, ಅದೇ.

ಹೊಸದನ್ನು ಆರಿಸಲು ನನ್ನನ್ನೂ ಕರೆದುಕೊಂಡು ಹೋದರು. ಅಂಗಡಿಯವರು ಸದಾ ಏನಾದರೊಂದು ತಂತಿ ಸುತ್ತುತ್ತ ಕೂತಿರುತ್ತಾರೆ, ಬೀದಿಯವರಿಗೆಲ್ಲ ಅವರು "ಸುರುಳಿ ಮಾಮ". ಪ್ಯಾಸಿವ್ ಪ್ರಿಆಂಪ್ಲಿಫೈಯರ್ ಎಂಬುದೊಂದಿದೆ ಎಂದು ನಾನು ಕೇಳಿದ್ದು ಅಲ್ಲಿಯೇ. ಅದಕ್ಕೆ ಕರೆಂಟೇ ಬೇಡವಂತೆ. "ಮಾಮೂಲಿ ಪ್ರಿಆಂಪು ಬಂದ ಸದ್ದನ್ನ ಮೊದಲು ಹಿಗ್ಗಿಸುತ್ತೆ, ಆಮೇಲೆ ನಾವು ತಗ್ಗಿಸ್ಕೊಬೇಕು. ಇದು ಹಿಗ್ಗಿಸೋ ಗೋಜಿಗೇ ಹೋಗಲ್ಲಮ್ಮ, ತಗ್ಗಿಸುತ್ತೆ ಅಷ್ಟೇ" ಎಂದು ನನಗೆ ವಿವರಿಸಿದರು. ಸದ್ದು ಹೆಚ್ಚು ಮಾಡದ ಪೆಟ್ಟಿಗೆಯನ್ನು ಬೇರೆ ಕೊಳ್ಳಬೇಕೇ ಎಂದೆ, ಇಬ್ಬರೂ ನಕ್ಕರು. ಡಿಸ್ಕಿನ ಯಂತ್ರದಿಂದ ಬರುವ ಸದ್ದಿಗೆ ಸಾಕಷ್ಟು ಬಲವಿದ್ದರೆ, ನಡುವಿನ ತಂತಿ ಗಿಡ್ಡವಿದ್ದರೆ ಇದರಷ್ಟು ಶುದ್ಧವಾದದ್ದು ಇನ್ನೊಂದಿಲ್ಲವಂತೆ. ಅಂಥವು ಮೂರು ತೋರಿಸಿದರು. ಒಂದರೊಳಗೆ ಸದ್ದು ತಡೆಯುವ ಬರೀ ರೆಸಿಸ್ಟರುಗಳು, ಒಂದರೊಳಗೆ ಪುಟ್ಟ ಟ್ರಾನ್ಸ್‌ಫಾರ್ಮರುಗಳು, ಎತ್ತಿದರೆ ಇಟ್ಟಿಗೆಯ ಹಾಗೆ. ಮೂರನೆಯದಕ್ಕೆ ಎಡಕ್ಕೊಂದು ಬಲಕ್ಕೊಂದು ಬೇರೆಬೇರೆ ಗುಂಡಿ.

ಒಂದೊಂದನ್ನೇ ಜೋಡಿಸಿ ಅಂಗಡಿಯ ಸ್ಪೀಕರುಗಳಲ್ಲೇ ಕೇಳಿಸಿದರು. ಮೊದಲನೆಯದಕ್ಕೆ ನಿಮ್ಮ ತಮ್ಮ "ಎಡಗಡೆ ಸಾಲದು" ಅಂದರು. ಟ್ರಾನ್ಸ್‌ಫಾರ್ಮರಿನದಕ್ಕೂ ಅದೇ ಮಾತು. ಬೇರೆ ಅಂಗಡಿ, ಬೇರೆ ಯಂತ್ರ, ಬೇರೆ ಸ್ಪೀಕರು, ಅತ್ತಿಗೆ! ಸುರುಳಿ ಮಾಮ ತಂತಿ ಸುತ್ತುವ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಕಣ್ಣು ತಪ್ಪಿಸಿದೆ. ಇವರು ಮಾತ್ರ ಎರಡು ಗುಂಡಿಯದನ್ನು ಮುಂದಕ್ಕೆಳೆದುಕೊಂಡು ಎಡದ್ದನ್ನು ಕೊನೆಯವರೆಗೆ ತಿರುಗಿಸಿ, ಬಲದ್ದನ್ನು ಇಷ್ಟಿಷ್ಟೇ ತಗ್ಗಿಸಿ, "ಹಾಂ, ಈಗ ಸರಿಹೋಯ್ತು ನೋಡು" ಎಂದು ಮುಖ ಅರಳಿಸಿದರು. ನನಗೆ ಇಡೀ ಹಾಡು ಎಡಗಡೆಗೆ ವಾಲಿದ ಹಾಗೆ ಕೇಳುತ್ತಿತ್ತು. ಅದನ್ನೇ ಮನೆಗೆ ತಂದೆವು.

ಅಂದಿನಿಂದ ಧೂಳು ಒರೆಸುವಾಗಲೆಲ್ಲ ನನ್ನ ಕಣ್ಣು ಆ ಗುಂಡಿಗಳ ಮೇಲೆ. ಎಡದ್ದು ಕೊನೆಯಲ್ಲೇ ಇದೆ, ಅದಕ್ಕಿಂತ ಮುಂದಕ್ಕೆ ಅದು ಹೋಗದು. ಬಲದ್ದು ಪ್ರತಿ ವಾರ ಇನ್ನೊಂದು ಚೂರು ಕೆಳಗಿಳಿದಿರುತ್ತದೆ. ಎರಡೂ ಸಮವಾಗಬೇಕಾದರೆ ಕೇಳುವುದನ್ನೇ ಕಡಿಮೆ ಮಾಡಿಕೊಳ್ಳಬೇಕು, ಬೇರೆ ದಾರಿಯಿಲ್ಲ. ನಮ್ಮ ಮನೆಯ ಭಾನುವಾರ ಹೀಗೆ ಸದ್ದು ಕಳೆದುಕೊಳ್ಳುತ್ತ ಬಂತು. ಮೊದಲು ಪಕ್ಕದ ಮನೆಯಾಕೆ "ಸ್ವಲ್ಪ ಮೆಲ್ಲಗೆ" ಎಂದು ಬಾಗಿಲು ತಟ್ಟುತ್ತಿದ್ದಳು. ಈಗ "ಏನು, ನಿಮ್ಮವರು ಊರಲ್ಲಿಲ್ವಾ?" ಎಂದು ಕೇಳುತ್ತಾಳೆ.

ಶುಕ್ರವಾರ ಸಂಜೆ ಅವರ ಜೊತೆ ಕೆಲಸ ಮಾಡುವವನು ಬಂದಿದ್ದ. ಬೆರಳು ಬಾಯಿಗಿಟ್ಟು ಯಾರ್ಡಿನ ಆಚೆ ತುದಿಗೆ ಕೇಳುವ ಹಾಗೆ ಸಿಳ್ಳೆ ಹಾಕುತ್ತಾನಲ್ಲ, ಎಲ್ಲರೂ "ಸಿಳ್ಳೆ" ಅಂತಲೇ ಕರೆಯುವವನು. ಇವರು ಸ್ನಾನಕ್ಕೆ ಹೋಗಿದ್ದರು. ಅವನು ಚಹದ ಲೋಟ ಮುಟ್ಟಲಿಲ್ಲ. "ಅಕ್ಕಾ, ಅಣ್ಣನ ಎಡಗಡೆಯಿಂದ ಬೋಗಿಯೊಂದು ತಾನಾಗಿ ಉರುಳ್ಕೊಂಡು ಬರ್ತಿತ್ತು. ಅವರು ಬಗ್ಗಿ ಕೊಂಡಿ ಹಾಕ್ತಿದ್ರು. ಸಿಳ್ಳೆ ಹಾಕಿದೆ, ಕೂಗಿದೆ. ಕೊನೆಗೆ ಓಡಿಹೋಗಿ ಕಾಲರ್ ಹಿಡಿದು ಎಳ್ದೆ" ಅಂದ. ಇವರು ತಲೆ ಒರೆಸಿಕೊಳ್ಳುತ್ತ ಹೊರಬಂದು, "ಇವನೊಬ್ಬ, ಗಾಳಿ ಜಾಸ್ತಿ ಇತ್ತಪ್ಪ" ಎಂದು ನಕ್ಕರು. ಅಂಗಿಯನ್ನು ಒಗೆಯಲು ಹಾಕುವಾಗ ನೋಡಿದೆ, ಕಾಲರು ಅರ್ಧ ಕಿತ್ತು ಬಂದಿತ್ತು.

ಇವತ್ತು ಬೆಳಿಗ್ಗೆ ನಾನೊಂದು ಕೆಲಸ ಮಾಡಿದೆ. ಅವರು ಕೂರುವ ಮುಂಚೆಯೇ ಕುರ್ಚಿಯನ್ನು ಹಿಂದುಮುಂದಾಗಿ, ಸ್ಪೀಕರುಗಳಿಗೆ ಬೆನ್ನಾಗುವಂತೆ ತಿರುಗಿಸಿಟ್ಟೆ. "ಇದೇನು ಹೊಸ ಆಟ?" ಎನ್ನುತ್ತ ಕೂತರು. ಹಾಡು ಶುರುವಾಯಿತು. ಜೋರಾಗಿ ಹಾಡುತ್ತಿದ್ದ ಸ್ಪೀಕರು ಈಗ ಅವರ ಬಲಗಿವಿಗೆ ಬಂದಿತ್ತು. ಸ್ವಲ್ಪ ಹೊತ್ತು ಕೇಳಿ, "ಎಡಗಡೆ ಪೂರ್ತಿ ಹೋಗಿದೆಯಲ್ಲೇ" ಅಂದವರು ಅಲ್ಲಿಗೇ ಮಾತು ನುಂಗಿದರು. ಈಗ ಎಡಗಡೆ ಇರುವುದು ಇಷ್ಟು ದಿನ ಚೆನ್ನಾಗಿದ್ದ ಸ್ಪೀಕರು, ಸತ್ತಿರುವುದು ತಮ್ಮ ಕಿವಿ ಎಂದು ಅವರಿಗೆ ಹೊಳೆಯುತ್ತಿದ್ದುದು ಅವರ ಕುತ್ತಿಗೆಯಲ್ಲೇ ಕಾಣುತ್ತಿತ್ತು. ಅವರೇ ಎದ್ದು ಕುರ್ಚಿಯನ್ನು ಮೊದಲಿದ್ದ ಹಾಗೆ ಇಟ್ಟು, ಗೋಡೆ ನೋಡುತ್ತ, "ಯಾರ್ಡಿನಲ್ಲಿ ಗೊತ್ತಾದ್ರೆ ನನ್ನನ್ನ ಹಳಿ ಮೇಲೆ ಬಿಡಲ್ಲ. ಆಫೀಸಿನ ಮೂಲೇಲಿ ಕೂರಿಸ್ತಾರೆ, ಮುದಿ ಎತ್ತಿನ ಹಾಗೆ. ಅಕ್ಕಂಗೂ ಹೇಳಬೇಡ, ಆಣೆ" ಎಂದರು. ಡಾಕ್ಟರ ಹತ್ತಿರ ಹೋಗೋಣ ಎಂದು ಬೇಡಿಕೊಂಡೆ. "ಶೀತ ಕಣೇ, ಇಳಿಯುತ್ತೆ" ಎಂದು ಮತ್ತೆ ಹಾಡು ಹಾಕಿದರು. ಯಾರ್ಡಿನಲ್ಲಿ ಹೇಳುವುದಿಲ್ಲವೆಂದು ಮಾತು ಕೊಟ್ಟೆ. ನಿಮಗೆ ಹೇಳುವುದಿಲ್ಲವೆಂದು ಮಾತ್ರ ಕೊಡಲಿಲ್ಲ.

ಅತ್ತಿಗೆ, ತಾಯಿ ಹೋದ ಮೇಲೆ ಅವರನ್ನು ಬೆಳೆಸಿದವರು ನೀವು. ನಿಮ್ಮ ಗದರಿಕೆಗೆ ಈಗಲೂ ತಲೆ ತಗ್ಗಿಸುತ್ತಾರೆ. ಮಂಡಿ ಸ್ವಲ್ಪ ಸುಧಾರಿಸಿದ ಕೂಡಲೇ ಬಂದು, ಕೈಹಿಡಿದು ಡಾಕ್ಟರ ಬಳಿ ಕರೆದುಕೊಂಡು ಹೋಗಿ. ನಿಮ್ಮ ಸೊಸೆಯನ್ನು, ಮೊಮ್ಮಗಳು ಪುಟ್ಟಿಯನ್ನು ಕೇಳಿದೆನೆಂದು ಹೇಳಿ. ನಿಮ್ಮ ಆಶೀರ್ವಾದ ಇವರ ಮೇಲಿರಲಿ, ಇವತ್ತು ಬೇರೇನೂ ಕೇಳಲಾರೆ.

ನಿಮ್ಮ,
ತಮ್ಮನ ಹೆಂಡತಿ

ಮರೆತ ಮಾತು: ಮರೆತದ್ದಲ್ಲ, ಈಗಷ್ಟೇ ಆದದ್ದು. ಕಾಗದ ಮಡಿಸುವಾಗ ಯಾರ್ಡಿನಿಂದ ಕರೆ ಬಂತು. ಸಿಳ್ಳೆಗೆ ಜ್ವರವಂತೆ, ರಜೆಯಾದರೂ ಇವರು ಬರಬೇಕಂತೆ. ಬೂಟು ಹಾಕಿಕೊಂಡು ಹೊರಟೇಬಿಟ್ಟರು. ಬಾಗಿಲಿನಲ್ಲಿ ನಾನು ಅವರ ಬಲಗಡೆ, ಒಳ್ಳೆಯ ಕಿವಿಯ ಕಡೆಗೇ ನಿಂತು, "ಹೋಗಬೇಡಿ" ಎಂದು ಕೂಗಿದೆ. ಎದುರುಮನೆಯವರು ಕಿಟಕಿ ತೆರೆದು ನೋಡಿದರು. ಇವರು ಜೇಬಿನಲ್ಲಿ ಕೈಗವಸು ಹುಡುಕುತ್ತ ಇಳಿದು ಹೋದರು. ಅತ್ತಿಗೆ, ಬಲಗಡೆಯದೂ ಹೋಗುತ್ತಿದೆ. ಕಾಗದವನ್ನು ಪಕ್ಕದ ಮನೆಯಾಕೆಯ ಕೈಗೆ ಕೊಟ್ಟು ಅವರ ಹಿಂದೆಯೇ ಹೊರಟಿದ್ದೇನೆ. ಕೊಟ್ಟ ಮಾತು ಹಾಳಾಗಿ ಹೋಗಲಿ, ಯಾರ್ಡಿನ ಸಾಹೇಬರಿಗೆ ನಾನೇ ಹೇಳುತ್ತೇನೆ. ನೀವು ಮಂಡಿ ವಾಸಿಯಾಗಲೆಂದು ಕಾಯಬೇಡಿ.